ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಎಷ್ಟು ದೂರ, ಎಷ್ಟು ಹೊತ್ತು?

ದೂರವನ್ನು ಹೇಳುವುದಕ್ಕೆ ನಮ್ಮ ಹಿರಿಯರ ಬಳಿ ಸೊಗಸಾದ ಮಾತುಗಳಿದ್ದವು. ಹತ್ತಿರದ ಹೊಲಕ್ಕೆ ಕೂಗಳತೆ, ಪಕ್ಕದ ಊರಿಗೆ ಹರದಾರಿ, ಆಚೆಯ ಸೀಮೆಯ ಜಾತ್ರೆಗೆ ಗಾವುದ. ಇನ್ನು ಕೆಲವರು ಅಳತೆಯ ಗೋಜಿಗೇ ಹೋಗದೆ, “ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರಬಹುದು” ಎಂದುಬಿಡುತ್ತಿದ್ದರು. ಈ ಕೊನೆಯ ಉತ್ತರದಲ್ಲಿ ದೊಡ್ಡ ವಿವೇಕವಿದೆ. ಪ್ರಯಾಣಿಕನಿಗೂ ಅವನ ದಾರಿ ಕಾಯುವವರಿಗೂ ಮುಖ್ಯವಾಗಿ ಬೇಕಾದದ್ದು ಮೈಲಿಯ ಲೆಕ್ಕವಲ್ಲ, ಹೊತ್ತಿನ ಲೆಕ್ಕ.

ಇಂದು ನಮ್ಮ ಊರುಗಳ ಎಷ್ಟೋ ಮನೆಗಳ ಮಗನೋ ಮಗಳೋ ಕ್ಯಾಲಿಫೋರ್ನಿಯದಲ್ಲಿ ನೆಲಸಿದ್ದಾರೆ. ಹಬ್ಬಕ್ಕೆ ಬರುವುದು, ಬಾಣಂತನಕ್ಕೆ ತಾಯಿಯನ್ನು ಕರೆಸಿಕೊಳ್ಳುವುದು, ಇವೆಲ್ಲ ಮೊದಲೇ ಗೊತ್ತಾದ ಪ್ರಯಾಣಗಳು. ನಿಧಾನವಾಗಿ ಯೋಚಿಸಿ ಟಿಕೆಟ್ ಕೊಳ್ಳಬಹುದು. ಆದರೆ ಮನೆಯ ಹಿರಿಯರೊಬ್ಬರ ಸ್ಥಿತಿ ಇದ್ದಕ್ಕಿದ್ದಂತೆ ಕೆಟ್ಟ ರಾತ್ರಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಈಗಲೇ ಹೊರಟರೆ ಯಾವಾಗ ಬಂದಾನು?” ಒಬ್ಬರು ಹದಿನಾರು ಗಂಟೆ ಎನ್ನುತ್ತಾರೆ, ಮತ್ತೊಬ್ಬರು ಎರಡು ದಿನ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವುಂಟು. ಎರಡಕ್ಕೂ ನಡುವೆ ಇರುವ ವ್ಯತ್ಯಾಸ ಎಲ್ಲಿಂದ ಬರುತ್ತದೆಂಬುದನ್ನು ತಿಳಿದುಕೊಂಡರೆ, ಇಲ್ಲದ ಭರವಸೆಯನ್ನೂ ಇಟ್ಟುಕೊಳ್ಳಬೇಕಾಗಿಲ್ಲ, ಅಕಾಲದಲ್ಲಿ ನಿರಾಶರೂ ಆಗಬೇಕಾಗಿಲ್ಲ.

ಗೋಡೆಯ ಭೂಪಟವೂ ಗೋಳದ ಮೇಲಿನ ದಾರವೂ

ಮೊದಲು ದೂರದ ವಿಚಾರ. ಶಾಲೆಯ ಗೋಡೆಯ ಮೇಲಿನ ಪ್ರಪಂಚ ಭೂಪಟವನ್ನು ನೆನಪಿಗೆ ತಂದುಕೊಳ್ಳಿ. ಅದರಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಸ್ಯಾನ್ ಫ್ರಾನ್ಸಿಸ್ಕೋವರೆಗೆ, ಅಡಿಪಟ್ಟಿಯಿಟ್ಟು ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ, ಥಾಯ್ಲೆಂಡ್, ವಿಯೆಟ್ನಾಂ, ಫಿಲಿಪೈನ್ಸ್ ದ್ವೀಪಗಳ ಉತ್ತರದ ಕಡಲು, ಆಮೇಲೆ ವಿಸ್ತಾರವಾದ ಶಾಂತಸಾಗರ, ಹೀಗೆ ಹಾದುಹೋಗುತ್ತದೆ. ಆ ಗೆರೆಯ ಉದ್ದ ಸುಮಾರು ೧೬,೧೦೦ ಕಿಲೋಮೀಟರು. ನೋಡುವುದಕ್ಕೆ ನೆಟ್ಟಗಿದೆ, ಆದರೆ ಅದು ಹತ್ತಿರದ ದಾರಿಯಲ್ಲ.

ಏಕೆಂದರೆ ಭೂಮಿ ಚಪ್ಪಟೆಯಾದ ಕಾಗದವಲ್ಲ. ದುಂಡಾದದ್ದನ್ನು ಚಪ್ಪಟೆ ಮಾಡುವಾಗ ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು. ೧೫೬೯ರಲ್ಲಿ ಮರ್ಕೇಟರ್ ಎಂಬ ಭೂಪಟಕಾರನು ರಚಿಸಿದ ಪದ್ಧತಿ ನಾವಿಕರಿಗೆ ಬಲು ಉಪಯುಕ್ತವಾಯಿತು, ಏಕೆಂದರೆ ಅದರಲ್ಲಿ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ದಾರಿ ಸರಳರೇಖೆಯಾಗಿ ಕಾಣುತ್ತದೆ. ಆದರೆ ಅದೇ ಪಟದಲ್ಲಿ ಉತ್ತರಕ್ಕೆ ಹೋದಷ್ಟೂ ದೇಶಗಳು ಹಿಗ್ಗಿ ಕಾಣುತ್ತವೆ. ಆದಕಾರಣ ಉತ್ತರದ ಹತ್ತಿರದ ದಾರಿಗಳು ನಮ್ಮ ಕಣ್ಣಿಗೆ ದೂರವಾಗಿ ತೋರುತ್ತವೆ.

ಈಗ ಪಟವನ್ನು ಬಿಟ್ಟು, ಮೇಜಿನ ಮೇಲಿಡುವ ಗೋಳವನ್ನು ತೆಗೆದುಕೊಳ್ಳಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೂ ಮತ್ತೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೂ ಹಿಡಿದು ಬಿಗಿಯಾಗಿ ಎಳೆಯಿರಿ. ದಾರವು ತಾನಾಗಿಯೇ ಹತ್ತಿರದ ದಾರಿಯನ್ನು ಹುಡುಕಿಕೊಳ್ಳುತ್ತದೆ. ಆ ದಾರಿ ಪೂರ್ವಕ್ಕೆ ಹೋಗದೆ ಬಹುಮಟ್ಟಿಗೆ ಉತ್ತರಕ್ಕೆ ಏರುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ನೇಪಾಳ, ಟಿಬೆಟ್ ದಾಟಿ, ಚೀನದ ಪಶ್ಚಿಮ ಭಾಗವನ್ನೂ ಮಂಗೋಲಿಯವನ್ನೂ ಹಾದು, ಸೈಬೀರಿಯದ ನೆತ್ತಿಯ ಮೇಲೆ ಸುಮಾರು ೭೧ ಡಿಗ್ರಿ ಅಕ್ಷಾಂಶದವರೆಗೂ ಏರಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿದು, ಶಾಂತಸಾಗರದ ಅಂಚನ್ನು ಹಿಡಿದು ಕ್ಯಾಲಿಫೋರ್ನಿಯಕ್ಕೆ ಬರುತ್ತದೆ. ಇದರ ಉದ್ದ ಸುಮಾರು ೧೩,೯೯೦ ಕಿಲೋಮೀಟರು. ಪಟದ ‘ನೆಟ್ಟನೆಯ’ ಗೆರೆಗಿಂತ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಕಡಮೆ!

ಗೋಳದ ಮೇಲಿನ ಇಂಥ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಚಕ್ಕೋತಕ್ಕೆ ಹೆಸರಾದ ಸೀಮೆ. ಒಂದು ಚಕ್ಕೋತದ ಸಿಪ್ಪೆಯ ಮೇಲೆ ಎಲ್ಲಾದರೂ ಎರಡು ಚುಕ್ಕೆಗಳನ್ನಿಟ್ಟು, ಆ ಎರಡನ್ನೂ ಮುಟ್ಟುವಂತೆ, ಹಣ್ಣಿನ ನಟ್ಟನಡುವೆಯೇ ಹಾದುಹೋಗುವಂತೆ ಚಾಕುವಿನಿಂದ ಸಮನಾದ ಎರಡು ಹೋಳು ಮಾಡಿ. ಸಿಪ್ಪೆಯ ಮೇಲೆ ಬಿದ್ದ ಗೆರೆಯೇ ಮಹಾವೃತ್ತ. ಎರಡು ನಿಲ್ದಾಣಗಳ ನಡುವಣ ಅಂತರ ಇಷ್ಟು ಎಂದು ಎಲ್ಲಿಯೇ ಹೇಳಿದ್ದರೂ ಅದು ಸಾಮಾನ್ಯವಾಗಿ ಈ ಗೆರೆಯ ಅಳತೆ.

ಪೆನ್ಸಿಲಿನಿಂದ ಒಂದು ಲೆಕ್ಕ

ಈ ಅಂತರವನ್ನು ಮನೆಯಲ್ಲಿ ಕುಳಿತು ಪರೀಕ್ಷಿಸಬಹುದೇ? ಸುಮಾರಾಗಿ ಪರೀಕ್ಷಿಸಬಹುದು. ಭೂಮಿಯ ಸುತ್ತಳತೆ ಹೆಚ್ಚು ಕಡಮೆ ೪೦,೦೦೦ ಕಿಲೋಮೀಟರು. ಈ ಸಂಖ್ಯೆ ಇಷ್ಟು ಗುಂಡಾಗಿರುವುದು ಆಕಸ್ಮಿಕವಲ್ಲ. ೧೭೯೦ರ ದಶಕದಲ್ಲಿ ಫ್ರಾನ್ಸಿನ ವಿದ್ವಾಂಸರು ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗವನ್ನೇ ಮೀಟರ್ ಎಂದು ಗೊತ್ತುಮಾಡಿದ್ದರು. ೪೦,೦೦೦ವನ್ನು ೩೬೦ ಡಿಗ್ರಿಗಳಿಗೆ ಹಂಚಿದರೆ ಡಿಗ್ರಿಯೊಂದಕ್ಕೆ ಸುಮಾರು ೧೧೧ ಕಿಲೋಮೀಟರು ಬರುತ್ತದೆ. ಈ ಡಿಗ್ರಿಯ ಉದ್ದವನ್ನು ಸರಿಯಾಗಿ ಅಳೆಯುವ ಕೆಲಸಕ್ಕೂ ನಮ್ಮ ನಾಡಿಗೂ ಹಳೆಯ ನಂಟುಂಟು. ಲ್ಯಾಂಬ್ಟನ್ನನು ೧೮೦೨ರಲ್ಲಿ ಮದರಾಸಿನ ಬಳಿ ಆರಂಭಿಸಿದ ಮಹಾಸರ್ವೆಯ ಲೆಕ್ಕವನ್ನು ತಾಳೆ ನೋಡುವುದಕ್ಕಾಗಿ ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಅಡಿರೇಖೆಯನ್ನು ಸರಪಣಿ ಹಿಡಿದು ಅಳೆಯಲಾಯಿತು.

ಈಗ ಬೆಂಗಳೂರಿನ ನಿಲ್ದಾಣದ ಅಕ್ಷಾಂಶ ೧೩.೨ ಡಿಗ್ರಿ ಉತ್ತರ. ಅಂದರೆ ಅಲ್ಲಿಂದ ಉತ್ತರ ಧ್ರುವಕ್ಕೆ ೭೬.೮ ಡಿಗ್ರಿ, ೧೧೧ರಿಂದ ಗುಣಿಸಿದರೆ ಸುಮಾರು ೮,೫೨೫ ಕಿಲೋಮೀಟರು. ಸ್ಯಾನ್ ಫ್ರಾನ್ಸಿಸ್ಕೋದ ಅಕ್ಷಾಂಶ ೩೭.೬ ಡಿಗ್ರಿ ಉತ್ತರ. ಅಲ್ಲಿಗೆ ಧ್ರುವದಿಂದ ೫೨.೪ ಡಿಗ್ರಿ, ಅಂದರೆ ಸುಮಾರು ೫,೮೧೫ ಕಿಲೋಮೀಟರು. ಎರಡನ್ನೂ ಕೂಡಿದರೆ ೧೪,೩೪೦. ಉತ್ತರ ಧ್ರುವದ ತುದಿಯನ್ನೇ ಮುಟ್ಟಿಕೊಂಡು ಹೋದರೂ ಅತಿ ಹತ್ತಿರದ ದಾರಿಗಿಂತ ಹೆಚ್ಚಾಗುವುದು ಸುಮಾರು ೩೫೦ ಕಿಲೋಮೀಟರು ಮಾತ್ರ!

ಇದಕ್ಕೆ ಕಾರಣ ಸರಳ. ಬೆಂಗಳೂರು ೭೭.೭ ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ ೧೨೨.೪ ಡಿಗ್ರಿ ಪಶ್ಚಿಮದಲ್ಲಿದೆ. ಕೂಡಿದರೆ ೨೦೦. ಈ ಮೊತ್ತ ೧೮೦ ಆಗಿದ್ದಿದ್ದರೆ ಎರಡು ಊರುಗಳೂ ಭೂಮಿಯ ಸರಿಯಾಗಿ ಎದುರುಬದುರು ರೇಖೆಗಳಲ್ಲಿದ್ದು, ಧ್ರುವದ ದಾರಿಯೇ ಅತಿ ಹತ್ತಿರದ್ದಾಗುತ್ತಿತ್ತು. ಇಪ್ಪತ್ತು ಡಿಗ್ರಿಗಳಷ್ಟು ಮಾತ್ರ ಓರೆ ಇರುವುದರಿಂದ ಹತ್ತಿರದ ದಾರಿ ಧ್ರುವವನ್ನು ಮುಟ್ಟದೆ ಸ್ವಲ್ಪ ಬಗಲಿನಲ್ಲಿ ಸಾಗುತ್ತದೆ. ನಮ್ಮ ಪಾಲಿಗೆ ಅಮೆರಿಕ ಪಶ್ಚಿಮಕ್ಕೂ ಇಲ್ಲ, ಪೂರ್ವಕ್ಕೂ ಇಲ್ಲ. ನಿಜವಾಗಿ ಅದು ನಮ್ಮ ಉತ್ತರಕ್ಕಿದೆ ಎಂದರೂ ತಪ್ಪಾಗದು.

೨೦೨೧ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಈ ಎರಡು ಊರುಗಳ ನಡುವೆ ನೇರ ವಿಮಾನವನ್ನು ಆರಂಭಿಸಿದಾಗ ಆ ಮೊದಲ ಪ್ರಯಾಣ ನಡೆದದ್ದು ಉತ್ತರ ಧ್ರುವ ಪ್ರದೇಶದ ಮೇಲಿಂದಲೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ, ಚಾಲಕರ ಕೊಠಡಿಯಲ್ಲಿ ಎಲ್ಲರೂ ಮಹಿಳೆಯರೇ ಇದ್ದು, ೯ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಬೋಯಿಂಗ್ ೭೭೭ ವಿಮಾನ ೧೧ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ನಡುವಣ ೧೦ನೆಯ ತಾರೀಖು ಏನಾಯಿತೆಂಬುದನ್ನು ಮುಂದೆ ನೋಡೋಣ.

ದಾರದ ದಾರಿಯಲ್ಲಿ ವಿಮಾನವೇಕೆ ಹೋಗದು?

ಗೋಳದ ಮೇಲಿನ ದಾರಕ್ಕೆ ಬೆಟ್ಟವಿಲ್ಲ, ಚಳಿಯಿಲ್ಲ, ಗಡಿಯಿಲ್ಲ. ವಿಮಾನಕ್ಕೆ ಇವೆಲ್ಲವೂ ಉಂಟು.

ಮೊದಲನೆಯದು ಟಿಬೆಟ್ಟಿನ ಎತ್ತರ. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರುಗಳಷ್ಟು. ಹತ್ತು ಸಾವಿರ ಮೀಟರಿಗೂ ಮೇಲೆ ಹಾರುವ ವಿಮಾನಕ್ಕೆ ಅದೇನು ಅಡ್ಡಿ ಎಂದು ತೋರಬಹುದು. ಅಡ್ಡಿ ಇರುವುದು ಅಪಾಯದ ಹೊತ್ತಿನಲ್ಲಿ. ವಿಮಾನದ ಒಳಗಿನ ಗಾಳಿಯ ಒತ್ತಡ ಕಾರಣಾಂತರದಿಂದ ಇಳಿದುಹೋದರೆ, ಪ್ರಯಾಣಿಕರು ಸಹಜವಾಗಿ ಉಸಿರಾಡುವಂತೆ ಚಾಲಕನು ಬೇಗನೆ ಸುಮಾರು ಮೂರು ಸಾವಿರ ಮೀಟರಿಗೆ ಇಳಿಯಬೇಕು. ಕೆಳಗೆ ನೆಲವೇ ಅದಕ್ಕಿಂತ ಮೇಲಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದ ಟಿಬೆಟ್ಟನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತಾರೆ.

ಎರಡನೆಯದು ಆಸರೆಯ ನಿಲ್ದಾಣ. ಎರಡು ಎಂಜಿನಿನ ವಿಮಾನ ದಾರಿಯ ಯಾವ ಬಿಂದುವಿನಲ್ಲಿದ್ದರೂ, ಒಂದು ಎಂಜಿನ್ ನಿಂತರೆ ಉಳಿದೊಂದರ ಬಲದಿಂದ ಗೊತ್ತುಪಡಿಸಿದ ಸಮಯದೊಳಗೆ ಯಾವುದಾದರೂ ನಿಲ್ದಾಣವನ್ನು ಮುಟ್ಟುವಂತಿರಬೇಕೆಂಬುದು ನಿಯಮ. ಇದು ಬರಿಯ ಕಾಗದದ ನಿಯಮವಲ್ಲ. ೨೦೨೩ರ ಜೂನ್ ೬ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದರ ಎಂಜಿನಿನಲ್ಲಿ ತೊಂದರೆ ಕಾಣಿಸಿಕೊಂಡು, ಅದು ರಷ್ಯದ ದೂರಪೂರ್ವದ ಮಗದಾನ್ ಎಂಬಲ್ಲಿ ಇಳಿಯಿತು. ಅದರಲ್ಲಿದ್ದ ೨೧೬ ಪ್ರಯಾಣಿಕರೂ ೧೬ ಸಿಬ್ಬಂದಿಯೂ ಸುರಕ್ಷಿತವಾಗಿ ಉಳಿದರು. ಬೇರೆ ವಿಮಾನ ಬಂದು ಅವರು ಮುಂದಕ್ಕೆ ಹೊರಟದ್ದು ೮ರಂದು.

ಮೂರನೆಯದು ಚಳಿ. ವಿಮಾನದ ಇಂಧನಕ್ಕೂ ಹೆಪ್ಪುಗಟ್ಟುವ ಒಂದು ಮಟ್ಟವುಂಟು. ಸಾಮಾನ್ಯವಾಗಿ ಬಳಸುವ ಜೆಟ್ ಎ-೧ ಎಂಬ ಇಂಧನಕ್ಕೆ ಅದು ಸೊನ್ನೆಗಿಂತ ೪೭ ಡಿಗ್ರಿ ಕೆಳಗೆ. ಧ್ರುವ ಪ್ರದೇಶದ ಮೇಲಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಚಾಲಕರು ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ನೋಡುತ್ತಲೇ ಇರುತ್ತಾರೆ. ಅದು ತೀರಾ ಇಳಿದರೆ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುವುದೋ ವೇಗ ಹೆಚ್ಚಿಸುವುದೋ ಅಗತ್ಯವಾಗುತ್ತದೆ.

ನಾಲ್ಕನೆಯದು ರಾಜ್ಯಗಳ ಅನುಮತಿ. ಆಕಾಶಕ್ಕೆ ಬೇಲಿ ಕಾಣುವುದಿಲ್ಲ. ಆದರೆ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಅಧಿಕಾರವುಂಟು. ೨೦೨೨ರಲ್ಲಿ ರಷ್ಯವು ಯೂರೋಪಿನ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಅದುವರೆಗೆ ಸುಮಾರು ಒಂಬತ್ತು ಗಂಟೆಯಲ್ಲಿ ಹೋಗುತ್ತಿದ್ದ ವಿಮಾನ ಆಮೇಲೆ ಧ್ರುವವನ್ನು ಸುತ್ತಿಕೊಂಡು ಸುಮಾರು ಹದಿಮೂರು ಗಂಟೆ ಹಾರಬೇಕಾಯಿತು. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಇಳಿದು ಸುತ್ತು ಹಾಕಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು. ಪ್ರಯಾಣದ ದೂರ ಮಾತ್ರ ಬೆಳೆಯಿತು.

ಗಾಳಿಯ ಕೈವಾಡ

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಬರುತ್ತದೆಂಬುದು ಪ್ರಾಥಮಿಕ ಶಾಲೆಯ ಗಣಿತ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು ೯೦೦ ಕಿಲೋಮೀಟರು. ೧೩,೯೯೦ನ್ನು ೯೦೦ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಇಷ್ಟಾದರೆ ಸಾಕಿತ್ತು, ಆದರೆ ಈ ೯೦೦ ಕಿಲೋಮೀಟರು ಗಾಳಿಯೊಳಗಿನ ವೇಗ, ನೆಲದ ಮೇಲಿನ ವೇಗವಲ್ಲ. ಹೊಳೆಯಲ್ಲಿ ದೋಣಿ ನಡೆಸುವವನನ್ನು ಕೇಳಿ. ಸೆಳವಿನ ಜೊತೆ ಹೋಗುವುದು ಬೇರೆ, ಸೆಳವಿಗೆ ಎದುರಾಗಿ ಬರುವುದು ಬೇರೆ. ಆಕಾಶದಲ್ಲೂ ಹೊಳೆಗಳುಂಟು.

ಒಂಬತ್ತರಿಂದ ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಗಳು ಹರಿಯುತ್ತವೆ. ಇವನ್ನು ಜೆಟ್ ಪ್ರವಾಹಗಳೆನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಬಳಿ ಇವುಗಳ ವೇಗ ಗಂಟೆಗೆ ೩೦೦ ಕಿಲೋಮೀಟರನ್ನೂ ಮೀರುವುದುಂಟು. ೧೯೨೦ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಯಿಶಿ ಪುಟ್ಟ ಬೆಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಿಂದ ಅವುಗಳ ಓಟವನ್ನು ನೋಡಿ ಈ ಗಾಳಿಯನ್ನು ಗುರುತಿಸಿದರು. ಲೋಕದವರೆಲ್ಲ ಓದಲೆಂದು ತಮ್ಮ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಬರೆದರು. ಆ ಭಾಷೆ ಬಲ್ಲವರು ಕೆಲವರೇ ಆದುದರಿಂದ ಓದಿದವರೂ ಕೆಲವರೇ! ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರುಗಳು ಈ ಗಾಳಿಗೆ ಸಿಕ್ಕಿಕೊಂಡಾಗ ಅದರ ಮಹತ್ವ ಎಲ್ಲರಿಗೂ ತಿಳಿಯಿತು.

ಈ ಗಾಳಿಯಿಂದ ಲೆಕ್ಕ ಹೇಗೆ ಬದಲಾಗುತ್ತದೆ, ನೋಡಿ. ಗಾಳಿಯಿಲ್ಲದ ೧೪,೦೦೦ ಕಿಲೋಮೀಟರಿನ ದಾರಿ ಒಂದಿದೆ ಎಂದಿಟ್ಟುಕೊಳ್ಳೋಣ. ೯೦೦ರ ವೇಗದಲ್ಲಿ ಅದಕ್ಕೆ ಹದಿನೈದೂವರೆ ಗಂಟೆಗಿಂತ ತುಸು ಹೆಚ್ಚು ಬೇಕು. ಶಾಂತಸಾಗರದ ಮೇಲೆ ೧೪,೭೦೦ ಕಿಲೋಮೀಟರಿನ ಮತ್ತೊಂದು ದಾರಿಯಿದ್ದು, ಅಲ್ಲಿ ಸರಾಸರಿ ೮೦ ಕಿಲೋಮೀಟರಿನ ಗಾಳಿ ಬೆನ್ನು ತಟ್ಟಿದರೆ ವಿಮಾನದ ನೆಲವೇಗ ೯೮೦ ಆಗುತ್ತದೆ. ಸರಿಯಾಗಿ ಹದಿನೈದು ಗಂಟೆಯಲ್ಲಿ ಪ್ರಯಾಣ ಮುಗಿಯುತ್ತದೆ. ಏಳುನೂರು ಕಿಲೋಮೀಟರು ದೂರವಾದ ದಾರಿಯೇ ಬೇಗನೆ ಮುಟ್ಟಿಸಿತು! ಆದ್ದರಿಂದಲೇ ಪ್ರತಿ ಪ್ರಯಾಣಕ್ಕೂ ಮುನ್ನ ಅಂದಂದಿನ ಗಾಳಿಯನ್ನು ನೋಡಿ ದಾರಿಯನ್ನು ಗೊತ್ತುಮಾಡುತ್ತಾರೆ. ಹೋಗುವಾಗಿನ ದಾರಿಯೇ ಬರುವಾಗ ಇರುವುದಿಲ್ಲ. ಇಂದಿನ ದಾರಿ ನಾಳೆ ಇರಬೇಕೆಂದಿಲ್ಲ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹೋಗುವುದಿಲ್ಲ. ಅದೇ ೧೪,೦೦೦ ಕಿಲೋಮೀಟರಿಗೆ ನೂರರ ಗಾಳಿ ಹಿಂದಿನಿಂದ ಬಂದರೆ ಹದಿನಾಲ್ಕು ಗಂಟೆ; ಎದುರಿನಿಂದ ಬಂದರೆ ಹದಿನೇಳೂವರೆ. ಲಾಭ ಒಂದೂವರೆ ಗಂಟೆ, ನಷ್ಟ ಎರಡು ಗಂಟೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುವುದೇ ಇದಕ್ಕೆ ಕಾರಣ.

ಮತ್ತೊಂದು ಪ್ರಶ್ನೆಯೂ ಆಗಾಗ ಕೇಳಿಬರುತ್ತದೆ. ಭೂಮಿ ತಿರುಗುತ್ತಿರುವಾಗ ವಿಮಾನ ಮೇಲೆ ಸುಮ್ಮನೆ ನಿಂತರೆ ಊರೇ ಕೆಳಗೆ ಬರಬಾರದೇಕೆ? ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತಿದೆ, ಗಾಳಿಯ ಜೊತೆಗೆ ವಿಮಾನವೂ ತಿರುಗುತ್ತಿದೆ. ಓಡುವ ರೈಲಿನೊಳಗೆ ಹಾರುವ ನೊಣ ಹಿಂದಿನ ಡಬ್ಬಿಗೆ ಹೋಗಿ ಬೀಳುವುದಿಲ್ಲವಷ್ಟೆ!

ವೇಗವೋ, ದಮ್ಮೋ?

೧೯೩೨ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಟಪಾಲು ತಂದಾಗ, ಅಲ್ಲಿಂದ ಮುಂದೆ ಮದರಾಸಿಗೆ ಅದನ್ನು ಒಯ್ದ ನೆವಿಲ್ ವಿನ್ಸೆಂಟರ ವಿಮಾನ ನಮ್ಮ ಬಳ್ಳಾರಿಯಲ್ಲಿ ತಂಗಿತ್ತು. ೧೯೪೮ರ ಜೂನ್ ೮ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ‘ಮಲಬಾರ್ ಪ್ರಿನ್ಸೆಸ್’ ಕೈರೋ, ಜಿನೀವಾಗಳಲ್ಲಿ ಇಳಿದು ಹೋಯಿತು. ೧೯೬೦ರಲ್ಲಿ ಏರ್ ಇಂಡಿಯಾದ ಬೋಯಿಂಗ್ ೭೦೭ ಜೆಟ್ಟುಗಳು ಬಂದವು. ಅವುಗಳ ವೇಗಕ್ಕೂ ಇಂದಿನ ವಿಮಾನಗಳ ವೇಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ೧೯೭೬ರಿಂದ ೨೦೦೩ರವರೆಗೆ ಪ್ರಯಾಣಿಕರನ್ನು ಹೊತ್ತ ಕಾಂಕಾರ್ಡ್ ಶಬ್ದವನ್ನು ಮೀರಿಸಿ ಹಾರಿತು, ಅದೂ ನಿಂತುಹೋಯಿತು.

ಹಾಗಾದರೆ ಆರು ದಶಕಗಳಲ್ಲಿ ಹೆಚ್ಚಿದ್ದೇನು? ವೇಗವಲ್ಲ, ದಮ್ಮು. ಒಂದೇ ಉಸಿರಿನಲ್ಲಿ ಎಷ್ಟು ದೂರ ಹಾರಬಲ್ಲದೆಂಬುದು. ಬೆಂಗಳೂರು ದಾರಿಯ ಮೊದಲ ಪ್ರಯಾಣಕ್ಕೆ ಬಳಸಿದ ಬೋಯಿಂಗ್ ೭೭೭-೨೦೦ ಎಲ್‌ಆರ್ ಮಾದರಿಯ ವಿಮಾನ ಸುಮಾರು ೧,೮೧,೦೦೦ ಲೀಟರು ಇಂಧನವನ್ನು ಹೊರಬಲ್ಲದು. ಇದೇ ಮಾದರಿಯ ವಿಮಾನ ೨೦೦೫ರ ನವೆಂಬರಿನಲ್ಲಿ ಹಾಂಗ್‌ಕಾಂಗಿನಿಂದ ಪೂರ್ವಕ್ಕೆ ಹೊರಟು, ಶಾಂತಸಾಗರ, ಅಮೆರಿಕ, ಅಟ್ಲಾಂಟಿಕ್ ದಾಟಿ ಲಂಡನ್ನಿಗೆ ೨೧,೬೦೨ ಕಿಲೋಮೀಟರನ್ನು ೨೨ ಗಂಟೆ ೪೨ ನಿಮಿಷಗಳಲ್ಲಿ ಹಾರಿತು. ಆದರೆ ದೂರದ ಹಾರಾಟಕ್ಕೆ ತನ್ನದೇ ಆದ ದಂಡವುಂಟು. ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೂ ಹೊತ್ತು ತಿರುಗಬೇಕು. ಆ ಭಾರವನ್ನು ಹೊರುವುದಕ್ಕೇ ಮತ್ತಷ್ಟು ಇಂಧನ ಬೇಕು. ಆದ್ದರಿಂದ ಇಂಥ ನೇರ ಸೇವೆಗಳು ಇಂಧನದ ಬೆಲೆ, ಆಕಾಶದ ದಾರಿ, ವಿಮಾನಗಳ ಲಭ್ಯತೆ ಇವನ್ನು ನೋಡಿಕೊಂಡು ಆರಂಭವಾಗುತ್ತವೆ, ನಿಲ್ಲುತ್ತವೆ. ಹೊರಡುವ ಕಾಲಕ್ಕೆ ವಿಚಾರಿಸಿಯೇ ತಿಳಿಯಬೇಕು.

ಕಳೆದುಹೋದ ಭಾನುವಾರ

ಈಗ ಗಡಿಯಾರದ ವಿಚಾರ. ಭಾರತದ ಸಮಯ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಒಟ್ಟು ಅಂತರ ಹದಿಮೂರೂವರೆ ಗಂಟೆ. ಮಾರ್ಚಿ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರ ಹನ್ನೆರಡೂವರೆ.

ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟ ವಿಮಾನ ಹದಿನಾರು ಗಂಟೆ ಹಾರಿತೆನ್ನಿ. ಅದು ಇಳಿಯುವಾಗ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ ಆರು. ಅಲ್ಲಿ ಇನ್ನೂ ಸೋಮವಾರ ಸಂಜೆ ನಾಲ್ಕೂವರೆ. ಗಡಿಯಾರವನ್ನು ನಂಬಿದರೆ ಪ್ರಯಾಣಕ್ಕೆ ಹಿಡಿದದ್ದು ಎರಡೂವರೆ ಗಂಟೆ! ಹಿಂದಿರುಗುವಾಗ ಈ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿ ಬಿಟ್ಟರೆ, ಆಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಹದಿನೇಳೂವರೆ ಗಂಟೆ ಕೂಡಿಸಿದರೆ ಇಳಿಯುವುದು ಸೋಮವಾರ ಬೆಳಗಿನ ಮೂರೂವರೆಗೆ. ಭಾನುವಾರವೆಲ್ಲ ಆಕಾಶದಲ್ಲೇ ಕಳೆಯಿತು. ೨೦೨೧ರ ಜನವರಿ ೧೦ನೆಯ ತಾರೀಖು ಹೋದದ್ದೂ ಹೀಗೆಯೇ.

ಟಿಕೆಟ್ಟಿನಲ್ಲಿ ಬರೆದಿರುವ ಎರಡು ಸಮಯಗಳನ್ನು ನೇರವಾಗಿ ಕಳೆದು ಪ್ರಯಾಣದ ಹೊತ್ತನ್ನು ಲೆಕ್ಕ ಹಾಕಬಾರದು, ಏಕೆಂದರೆ ಒಂದೊಂದೂ ಆಯಾ ಊರಿನ ಗಡಿಯಾರದ ಸಮಯ. ಮೊದಲು ಎರಡನ್ನೂ ಒಂದೇ ಊರಿನ ಸಮಯಕ್ಕೆ ತಂದುಕೊಂಡು ಆಮೇಲೆ ಕಳೆಯಬೇಕು. ವಯಸ್ಸಾದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಔಷಧಿಯನ್ನು ಯಾವ ಊರಿನ ಗಡಿಯಾರದಂತೆ ತೆಗೆದುಕೊಳ್ಳಬೇಕೆಂದು ಹೊರಡುವ ಮುನ್ನವೇ ವೈದ್ಯರಿಂದ ಕೇಳಿ ಬರೆಸಿಕೊಳ್ಳುವುದು ಮೇಲು. ನಾಲ್ಕು ಗಂಟೆಗೂ ಮೀರಿ ಕುಳಿತೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ತಿಳಿಸಿತು. ಆದ್ದರಿಂದ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಪಾದಗಳನ್ನು ಆಡಿಸುವುದು, ನೀರು ಕುಡಿಯುವುದು ಒಳ್ಳೆಯದು.

ಬಾಗಿಲಿನಿಂದ ಬಾಗಿಲಿಗೆ

ಕೊನೆಗೆ, ಮನೆಯವರಿಗೆ ಬೇಕಾದ ಲೆಕ್ಕ. ವೇಳಾಪಟ್ಟಿಯಲ್ಲಿ ಕೊಡುವ ಸಮಯ ವಿಮಾನ ತನ್ನ ನಿಲುಗಡೆಯನ್ನು ಬಿಟ್ಟಲ್ಲಿಂದ ಮತ್ತೊಂದು ನಿಲುಗಡೆಯಲ್ಲಿ ನಿಲ್ಲುವವರೆಗಿನದು. ಓಡುದಾರಿಗೆ ಹೋಗುವುದು, ಸರದಿಗೆ ಕಾಯುವುದು ಅದರಲ್ಲಿ ಸೇರಿರುತ್ತವೆ. ಅದಕ್ಕೆ ಮೊದಲು ನಿಲ್ದಾಣದಲ್ಲಿ ಕಡಮೆಯೆಂದರೆ ಮೂರು ಗಂಟೆ ಮುಂಚೆ ಇರಬೇಕು. ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆಗಳು, ಸುಂಕದ ಕಟ್ಟೆ, ಇವಕ್ಕೆ ಒಂದೂವರೆ ಗಂಟೆ. ದೇವನಹಳ್ಳಿಯಿಂದ ಹಾಸನಕ್ಕೋ ಶಿವಮೊಗ್ಗಕ್ಕೋ ಹೋಗಬೇಕಾದರೆ ಮತ್ತೆ ನಾಲ್ಕರಿಂದ ಆರು ಗಂಟೆ.

ನೇರ ವಿಮಾನ ಸಿಕ್ಕಿದರೆ ಹಾರಾಟಕ್ಕೆ ಹದಿನೇಳೂವರೆ, ಉಳಿದದ್ದಕ್ಕೆ ಹತ್ತು, ಒಟ್ಟು ಇಪ್ಪತ್ತೇಳು ಇಪ್ಪತ್ತೆಂಟು ಗಂಟೆ. ನೇರ ವಿಮಾನವಿಲ್ಲದಿದ್ದರೆ? ಜರ್ಮನಿಯ ಫ್ರಾಂಕ್‌ಫರ್ಟಿನ 
ಮೂಲಕ ಬರುವುದಾದರೆ ಮೊದಲ ಹಂತ ಸುಮಾರು ೯,೧೫೦ ಕಿಲೋಮೀಟರು, ಎರಡನೆಯದು ೭,೪೦೦, ಒಟ್ಟು ೧೬,೫೫೦. ಹಾರಾಟವೇ ಹದಿನೆಂಟೂವರೆ ಗಂಟೆಗೆ ಏರುತ್ತದೆ. ಎರಡು ಸಲ ಏರಿಳಿಯುವ ಹೊತ್ತು, ನಡುವೆ ಮೂರು ನಾಲ್ಕು ಗಂಟೆಯ ತಂಗುವಿಕೆ ಸೇರಿದರೆ ನಿಲ್ದಾಣದಿಂದ ನಿಲ್ದಾಣಕ್ಕೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಗಂಟೆ, ಮನೆಯಿಂದ ಮನೆಗೆ ಮೂವತ್ತನಾಲ್ಕರ ಸುಮಾರು. ಇವೆರಡಕ್ಕೂ ಮೊದಲು ಸೇರಬೇಕಾದ ಇನ್ನೊಂದು ಹೊತ್ತುಂಟು, ಅದೇ ಮುಂದಿನ ವಿಮಾನ ಹೊರಡುವವರೆಗೆ ಕಾಯುವ ಹೊತ್ತು. ವಿಮಾನವೇನೂ ನಮ್ಮ ಕರೆ ಬಂದ ಕ್ಷಣದಲ್ಲಿ ಬಾಗಿಲಲ್ಲಿ ನಿಂತಿರುವುದಿಲ್ಲ. ಹನ್ನೆರಡು ಗಂಟೆ ಕಾಯಬೇಕಾಗಿ ಬಂದರೆ ಒಟ್ಟು ಸುಮಾರು ಎರಡು ದಿನ. ಹದಿನಾರು ಗಂಟೆ ಎಂದವರು ಹಾರಾಟವನ್ನಷ್ಟೇ ಲೆಕ್ಕ ಹಾಕಿದರು. ಎರಡು ದಿನ ಎಂದವರು ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದರು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಗಾಳಿಯನ್ನು ನಾವು ಬದಲಿಸಲಾರೆವು, ಹಿಮಾಲಯವನ್ನು ತಗ್ಗಿಸಲಾರೆವು, ದೇಶಗಳ ಆಕಾಶವನ್ನು ತೆರೆಸಲಾರೆವು. ವಿಮಾನ ನೆಲ ಬಿಟ್ಟ ಮೇಲೆ ಒಂದು ಗಂಟೆಯನ್ನೂ ಉಳಿಸಲಾರೆವು. ನಮ್ಮ ಕೈಯಲ್ಲಿರುವುದು ವಿಮಾನ ಏರುವ ಮುಂಚಿನ ಗಂಟೆಗಳು. ದೂರದಲ್ಲಿರುವ ಮಕ್ಕಳ ಪಾಸ್‌ಪೋರ್ಟಿನ ಅವಧಿ ಮುಗಿಯದಂತೆ ನೋಡಿಕೊಂಡಿರುವುದು, ಅಲ್ಲಿಗೆ ಹಿಂದಿರುಗಲು ಬೇಕಾದ ಕಾಗದಪತ್ರಗಳು ಸರಿಯಾಗಿರುವುದು, ನಿಲ್ದಾಣದಿಂದ ಊರಿಗೆ ಕರೆತರುವವರು ಯಾರೆಂಬುದು ಮೊದಲೇ ಗೊತ್ತಿರುವುದು, ಇವುಗಳಿಂದ ಉಳಿಯುವ ಹೊತ್ತು ಯಾವ ಜೆಟ್ ಪ್ರವಾಹ ಉಳಿಸಿಕೊಡುವುದಕ್ಕಿಂತಲೂ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರ ಸ್ಥಿತಿ ಬಿಗಡಾಯಿಸುತ್ತಿದೆ ಎಂದು ವೈದ್ಯರು ಹೇಳಿದ ದಿನವೇ ಮಕ್ಕಳಿಗೆ ತಿಳಿಸಿಬಿಡಬೇಕು. “ಅಷ್ಟು ದೂರದಲ್ಲಿದ್ದಾರೆ, ಸುಮ್ಮನೆ ಗಾಬರಿಪಡಿಸುವುದೇಕೆ” ಎಂದು ಒಂದು ದಿನ ತಡೆದರೆ, ಹದಿನಾಲ್ಕು ಸಾವಿರ ಕಿಲೋಮೀಟರಿನ ದಾರಿಗೆ ನಾವೇ ಇಪ್ಪತ್ತನಾಲ್ಕು ಗಂಟೆಯನ್ನು ಸೇರಿಸಿದಂತಾಗುತ್ತದೆ.